ಹಳೇ ಕಾರಿಗೆ ಸ್ಟ್ರಟ್ ಬಾರ್: ಮೊದಲು ತಗಡು ನೋಡಿ, ಆಮೇಲೆ ಸರಳು

ಬಾನೆಟ್ ಎತ್ತಿ ನೋಡಿ. ಎಂಜಿನ್ನಿನ ಎಡಕ್ಕೊಂದು ಬಲಕ್ಕೊಂದು, ಡ್ಯಾಶ್‌ಬೋರ್ಡ್ ಕಡೆಯ ತಗಡಿನ ಗೋಡೆಗೆ ಒತ್ತಿಕೊಂಡಂತೆ, ಗುಂಡಗೆ ಉಬ್ಬಿದ ದಿಬ್ಬಗಳು ಕಾಣುತ್ತವೆ. ನೆತ್ತಿಯ ಮೇಲೆ ಎರಡೋ ಮೂರೋ ನಟ್ಟು, ನಡುವೆ ಒಂದು ರಬ್ಬರ್ ಮುಚ್ಚಳ. ಮುಂದಿನ ಚಕ್ರದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿ ಕಟ್ಟಿದ ಸ್ಟ್ರಟ್ ಕೆಳಗಿನಿಂದ ಬಂದು ತಲೆ ಆನಿಸುವುದು ಅಲ್ಲಿಗೇ. ಗ್ಯಾರೇಜಿನಲ್ಲಿ ಇದಕ್ಕೆ ಟವರ್ ಎನ್ನುತ್ತಾರೆ. ಈ ಎರಡು ಟವರ್‌ಗಳ ನೆತ್ತಿಯನ್ನು ಅಡ್ಡ ಸರಳೊಂದರಿಂದ ಬಿಗಿದರೆ ಅದೇ ಸ್ಟ್ರಟ್ ಬಾರ್.

ಹಳೇ ಜೆನ್, ಎಸ್ಟೀಮ್, ಮಾರುತಿ 800 ಇಟ್ಟುಕೊಂಡು ಪ್ರೀತಿಯಿಂದ ಓಡಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಜೆನ್ ಬಂದದ್ದು 1993ರಲ್ಲಿ, ಎಸ್ಟೀಮ್ 1994ರಲ್ಲಿ. ಮೊದಮೊದಲ ಗಾಡಿಗಳಿಗೆ ಮೂವತ್ತು ದಾಟಿತು. ಎಂಜಿನ್ ಇನ್ನೂ ಗಟ್ಟಿಯಾಗಿದ್ದರೂ ಮುಂಭಾಗ ಸಡಿಲವಾದ ಹಾಗೆ, ತಿರುವಿನಲ್ಲಿ ಸ್ಟೀರಿಂಗ್ ತಡವಾಗಿ ಮಾತು ಕೇಳಿದ ಹಾಗೆ ಅನಿಸತೊಡಗಿದಾಗ ಯಾರಾದರೂ ಹೇಳುತ್ತಾರೆ: ‘ಒಂದು ಸ್ಟ್ರಟ್ ಬಾರ್ ಹಾಕಿಸಿ, ಸರಿಹೋಗುತ್ತೆ.’ ಅಂಗಡಿಯಲ್ಲಿ ಕೆಂಪು, ನೀಲಿ ಬಣ್ಣದ ಹೊಳೆಯುವ ಸರಳು ಸಿಗುತ್ತದೆ, ಅರ್ಧ ಗಂಟೆಯಲ್ಲಿ ಕೂರಿಸಿಯೂ ಕೊಡುತ್ತಾರೆ. ಅದರಿಂದ ಉಪಯೋಗ ಆಗುವುದು ಎರಡು ಷರತ್ತಿನ ಮೇಲೆ. ಅದು ಬಿಗಿದುಕೊಂಡಿರುವ ತಗಡು ಗಟ್ಟಿಯಾಗಿರಬೇಕು. ಈ ಟವರ್‌ನಿಂದ ಆ ಟವರ್‌ಗೆ ಬಲ ಹೋಗುವ ದಾರಿ ಆದಷ್ಟೂ ನೇರವಾಗಿ, ಎಲ್ಲೂ ಆಟವಿಲ್ಲದೆ ಇರಬೇಕು. ಬಣ್ಣ, ಬ್ರಾಂಡ್, ದಪ್ಪ ಎಲ್ಲ ಆಮೇಲಿನ ಮಾತು.

ಎಲ್ಲ ಹಳೇ ಕಾರಿಗೂ ಇದು ಬೇಕಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಅಂಬಾಸಿಡರ್ ಕಾರಿನ ಮುಂದಿನ ಸಸ್ಪೆನ್ಷನ್ ಟಾರ್ಷನ್ ಬಾರ್ ಮೇಲೆ ನಿಂತಿದೆ. ಪ್ರೀಮಿಯರ್ ಪದ್ಮಿನಿಯದು ಮೇಲೊಂದು ಕೆಳಗೊಂದು ವಿಶ್‌ಬೋನ್ ತೋಳು ಇರುವ ಏರ್ಪಾಡು. ಇವೆರಡರಲ್ಲೂ ಎತ್ತರದ ಟವರ್‌ಗೆ ತಲೆ ಕೊಡುವ ಸ್ಟ್ರಟ್ ಇಲ್ಲ. ಅವುಗಳ ಎಂಜಿನ್ ಮೇಲೆ ಅಡ್ಡ ಸರಳು ಹಾಕಿದರೆ ಭಾರ ಹೆಚ್ಚುತ್ತದೆ, ಅಷ್ಟೇ.

ಟವರ್ ಯಾಕೆ ಅಲುಗುತ್ತದೆ

ಸ್ಟ್ರಟ್ ಏರ್ಪಾಡಿಗೆ ಹೆಸರು ಕೊಟ್ಟವರು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. ಜನರಲ್ ಮೋಟರ್ಸ್‌ನಲ್ಲಿದ್ದಾಗ ಷೆವರ್ಲೆ ಕೆಡೆಟ್ ಎಂಬ ಸಣ್ಣ ಕಾರಿಗಾಗಿ ಅವರು ಈ ದಿಕ್ಕಿನಲ್ಲಿ ಕೆಲಸ ಮಾಡಿದರು. ಆ ಯೋಜನೆ 1947ರಲ್ಲಿ ನಿಂತುಹೋಯಿತು, ಅವರು ಫೋರ್ಡ್ ಸೇರಿದರು. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಲ್ಲಿ ಈ ಸ್ಟ್ರಟ್ ಜನರ ಮುಂದೆ ಬಂತು. ಕಡಿಮೆ ಬಿಡಿಭಾಗ, ಕಡಿಮೆ ಖರ್ಚು, ಎಂಜಿನ್ ಅಡ್ಡ ಕೂರಿಸಲು ಬೇಕಾದಷ್ಟು ಜಾಗ. ಸಣ್ಣ ಕಾರಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಇನ್ನೊಂದಿಲ್ಲ. ಅದಕ್ಕೆ ತೆತ್ತ ಬೆಲೆಯೆಂದರೆ, ವಿಶ್‌ಬೋನ್ ಏರ್ಪಾಡಿನಲ್ಲಿ ಮೇಲಿನ ತೋಳು ಹೊರುವ ಕೆಲಸವನ್ನು ಇಲ್ಲಿ ದೇಹದ ತಗಡೇ ಹೊರಬೇಕು.

ಚಕ್ರ ಸ್ಟ್ರಟ್‌ಗಿಂತ ಹೊರಗೆ ಇರುತ್ತದೆ. ಹಂಪ್ ಹತ್ತಿದಾಗ ನೆಲ ಚಕ್ರವನ್ನು ಮೇಲಕ್ಕೆ ತಳ್ಳುತ್ತದಲ್ಲ, ಆಗ ಸ್ಟ್ರಟ್‌ನ ತಲೆ ಎಂಜಿನ್ ಕಡೆಗೆ, ಒಳಕ್ಕೆ ವಾಲಲು ನೋಡುತ್ತದೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಎರಡು ಟವರ್‌ಗಳೂ ಪರಸ್ಪರ ಹತ್ತಿರ ಬರಲು ನೋಡುತ್ತವೆ. ನಡುವೆ ಸರಳಿದ್ದರೆ ಅದನ್ನು ನೇರವಾಗಿ ತಡೆಯುತ್ತದೆ. ಸ್ಟ್ರಟ್ ಬಾರ್ ತುಂಬ ಚೆನ್ನಾಗಿ ಮಾಡುವ ಕೆಲಸ ಇದೇ.

ತಿರುವಿನ ಕತೆ ಬೇರೆ. ಕಾರು ಜೋರಾಗಿ ತಿರುಗುವಾಗ ಟಯರ್‌ಗಳಿಂದ ಬರುವ ಅಡ್ಡ ಬಲ ಎರಡೂ ಟವರ್‌ಗಳನ್ನು ಒಂದೇ ದಿಕ್ಕಿಗೆ ತಳ್ಳಲು ನೋಡುತ್ತದೆ. ಟವರ್‌ಗಳ ನಡುವಿನ ಅಂತರ ಬದಲಾಗದೆ ಎರಡೂ ಜೊತೆಯಾಗಿ ವಾಲಿದರೆ ಅಡ್ಡ ಸರಳೂ ಅವುಗಳ ಜೊತೆಗೇ ಸರಿದುಹೋಗುತ್ತದೆ, ತಡೆಯಲು ಅದರ ಕೈಯಲ್ಲಿ ಆಗುವುದಿಲ್ಲ. ಅದನ್ನು ತಡೆಯಬೇಕಾದರೆ ಮೂರನೆಯ ಕಾಲು ಬೇಕು: ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಗೆ, ಅಂದರೆ ಫೈರ್‌ವಾಲ್‌ಗೆ ಕಟ್ಟಿ ತ್ರಿಕೋನ ಮಾಡಬೇಕು. 1960ರ ದಶಕದ ಫೋರ್ಡ್ ಮಸ್ಟಾಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಬಗೆಯದಲ್ಲ, ಆದರೂ ಸ್ಪ್ರಿಂಗ್ ಕೂರುವುದು ಎತ್ತರದ ಟವರ್ ಒಳಗೇ. ಹೊರದೇಶದ ಕೆಟ್ಟ ರಸ್ತೆಗಳಿಗೆ ಕಳಿಸುವ ಗಾಡಿಗಳಿಗೆ ಎರಡೂ ಟವರ್‌ಗಳನ್ನು ಫೈರ್‌ವಾಲ್‌ಗೆ ಬಿಗಿಯುವ ಒಂದೇ ತುಂಡಿನ ಬಂಧ ಹಾಕುತ್ತಿದ್ದರು. ಅದಕ್ಕೆ ಎಕ್ಸ್‌ಪೋರ್ಟ್ ಬ್ರೇಸ್ ಎಂದೇ ಹೆಸರು ಉಳಿಯಿತು. ಎಂಜಿನ್ ಕೋಣೆಗೆ ಅಡ್ಡಲಾಗಿ ಹಾಯುವ ಮಾಂಟೆ ಕಾರ್ಲೋ ಬಾರ್ ಅದಕ್ಕೆ ಜೊತೆಗಾರ. 1965ರ ಶೆಲ್ಬಿ ಜಿಟಿ350 ಕಾರಿನಲ್ಲಿ ಎರಡೂ ಇದ್ದವು. ಕೆಟ್ಟ ರಸ್ತೆಗೆಂದು ಕಂಪನಿಯೇ ಮಾಡಿದ ಪರಿಹಾರದಲ್ಲಿ ಮೊದಲ ಸ್ಥಾನ ತ್ರಿಕೋನಕ್ಕೆ ಸಿಕ್ಕಿತ್ತು ಎನ್ನುವುದನ್ನು ಗಮನಿಸಬೇಕು.

ಎಂಜಿನ್ ಅಡ್ಡ ಕೂತಿರುವ ನಮ್ಮ ಸಣ್ಣ ಕಾರುಗಳಲ್ಲಿ ಟವರ್‌ಗಳು ಫೈರ್‌ವಾಲ್‌ಗೆ ತೀರ ಹತ್ತಿರ ಇರುವುದರಿಂದ ಅರ್ಧ ತ್ರಿಕೋನ ಕಾರ್ಖಾನೆಯಲ್ಲೇ ಆಗಿರುತ್ತದೆ. ವೈಪರ್ ಕೆಳಗಿನ ಕೌಲ್ ಎಂಬ ಅಡ್ಡ ತಗಡು ಎರಡೂ ಟವರ್‌ಗಳನ್ನು ಸೇರಿಸಿ ಹಿಡಿದಿರುತ್ತದೆ. ಹೊಸ ಗಾಡಿಯಲ್ಲಿ ಸ್ಟ್ರಟ್ ಬಾರ್‌ನ ವ್ಯತ್ಯಾಸ ಅಷ್ಟಾಗಿ ತಿಳಿಯದಿರುವುದಕ್ಕೆ ಇದೇ ಕಾರಣ. ಹಳೇ ಗಾಡಿಯಲ್ಲಿ ಈ ಕೌಲ್ ಮತ್ತು ಟವರ್ ಸೇರುವ ಜಾಗವೇ ಮೊದಲು ಸೋಲುತ್ತದೆ.

ತಗಡಿನ ಪರೀಕ್ಷೆ

ಹೀಗಾಗಿ ಸರಳು ಕೊಳ್ಳುವ ಮುನ್ನ ಒಂದು ಬೆಳಗ್ಗೆ ಇದಕ್ಕೆಂದೇ ಎತ್ತಿಡಿ. ಒಂದು ಟಾರ್ಚು, ಸ್ಕ್ರೂಡ್ರೈವರ್, ಸಣ್ಣ ಅಯಸ್ಕಾಂತ, ಒದ್ದೆ ಬಟ್ಟೆ, ಉಕ್ಕಿನ ಸ್ಕೇಲು ಸಾಕು.

ಮೊದಲು ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆಯಿರಿ. ಮರದ ಕೆಳಗೆ ನಿಲ್ಲುವ ಕಾರಾದರೆ ಅಲ್ಲಿ ಎಲೆ, ಹೂವಿನ ಎಸಳು, ಧೂಳು ಸೇರಿ ಕಪ್ಪು ಗೊಬ್ಬರವಾಗಿ ಕೂತಿರುತ್ತದೆ. ಗುಲ್‌ಮೊಹರ್‌ನ ಸಣ್ಣ ಸಣ್ಣ ಎಲೆ ಜಾಲರಿಯ ತೂತಿನಲ್ಲಿ ಸಲೀಸಾಗಿ ಇಳಿಯುತ್ತದೆ. ನೀರು ಹೋಗುವ ತೂತು ಕಟ್ಟಿಕೊಂಡರೆ ಆ ಗೊಬ್ಬರ ಮಳೆಗಾಲ ಪೂರ್ತಿ ಒದ್ದೆಯಾಗಿಯೇ ಇರುತ್ತದೆ. ಅದರ ಕೆಳಗಿನ ತಗಡು, ಟವರ್‌ನ ಹಿಂಬದಿಯ ಬೆಸುಗೆ ಎರಡಕ್ಕೂ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತದೆ. ಎಲ್ಲವನ್ನೂ ಕೈಯಿಂದ ಬಾಚಿ ತೆಗೆದು, ನೀರು ಹಾಕಿ, ಅದು ಹೊರಗೆ ಹರಿಯುವುದನ್ನು ಕಣ್ಣಾರೆ ನೋಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ವರ್ಷಗಟ್ಟಲೆ ಓಡಿದ ಗಾಡಿಯಾದರೆ ಉಪ್ಪುಗಾಳಿಯ ಪಾಲೂ ಇದಕ್ಕೆ ಸೇರಿರುತ್ತದೆ. ಅಂಥ ಗಾಡಿಗೆ ಈ ಪರೀಕ್ಷೆ ಬಿಟ್ಟು ಸ್ಟ್ರಟ್ ಬಾರ್ ಹಾಕಲೇಬೇಡಿ.

ಆಮೇಲೆ ಟವರ್‌ನ ನೆತ್ತಿ ಒರೆಸಿ ನಟ್ಟುಗಳ ಸುತ್ತ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನಟ್ಟಿನ ತೂತಿನಿಂದ ಹೊರಕ್ಕೆ ಕೂದಲೆಳೆಯಂಥ ಗೆರೆ ಹೊರಟಿದ್ದರೆ ಅದು ಬರೀ ಬಣ್ಣದ ಬಿರುಕೋ ತಗಡಿನದೋ ಎಂದು ಆ ಜಾಗವನ್ನಷ್ಟೇ ಉಜ್ಜಿ ತಿಳಿದುಕೊಳ್ಳಬೇಕು. ತಗಡು ತಗಡಿಗೆ ಸೇರುವಲ್ಲಿ ಹಚ್ಚಿದ ಸೀಲರ್ ಉದ್ದಕ್ಕೂ ಬಿರಿದಿದ್ದರೆ ಕೆಳಗಿನ ಸ್ಪಾಟ್ ವೆಲ್ಡ್ ಬಿಟ್ಟಿರುವ ಸಾಧ್ಯತೆ ಇದೆ. ಸ್ಕೇಲನ್ನು ನೆತ್ತಿಯ ಮೇಲೆ ಅಡ್ಡ ಇಟ್ಟು ಎರಡೂ ಬದಿಯ ಟವರ್‌ಗಳನ್ನು ಹೋಲಿಸಿ. ಗುಂಡಿಗೆ ಬಡಿದೂ ಬಡಿದೂ ಒಂದು ಬದಿ ಮೇಲಕ್ಕೆ ಉಬ್ಬಿದ್ದರೆ ಗೊತ್ತಾಗುತ್ತದೆ. ಅಯಸ್ಕಾಂತವನ್ನು ಟವರ್‌ನ ಮೈಮೇಲೆ ಎಲ್ಲ ಕಡೆ ಓಡಿಸಿ. ಒಂದು ಕಡೆ ಗಟ್ಟಿಯಾಗಿ ಹಿಡಿದು, ಪಕ್ಕದಲ್ಲೇ ಜಾರಿದರೆ ಅಲ್ಲಿ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ ಎಂದರ್ಥ. ಹಿಂದೆ ಅಪಘಾತವಾಗಿ ಟಿಂಕರಿಂಗ್ ಆದ ಗಾಡಿಗಳಲ್ಲಿ ಇದು ಸಾಮಾನ್ಯ.

ತುಕ್ಕು ಹಿಡಿದ ತಗಡಿನ ಮೇಲೆ ಇನ್ನೊಂದು ತಗಡಿನ ತೇಪೆ ಹಾಕುವುದು ರಿಪೇರಿಯಲ್ಲ. ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡು ಕೂರಿಸಿ, ವೆಲ್ಡ್ ಮಾಡಿ, ಪ್ರೈಮರ್ ಮತ್ತು ಸೀಲರ್ ಹಚ್ಚಬೇಕು. ಇದು ನುರಿತ ಟಿಂಕರ್ ಕೆಲಸ. ಖರ್ಚು ಸ್ಟ್ರಟ್ ಬಾರ್‌ಗಿಂತ ಜಾಸ್ತಿಯಾಗಬಹುದು. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಎಂದಾದರೆ ನಾನು ಕಣ್ಣುಮುಚ್ಚಿ ಟಿಂಕರಿಂಗನ್ನೇ ಆರಿಸುತ್ತೇನೆ.

ತಗಡು ಚೆನ್ನಾಗಿದ್ದರೆ ರಬ್ಬರ್ ಮತ್ತು ಕೀಲುಗಳ ಸರದಿ. ಸ್ಟ್ರಟ್ ತಲೆಯ ಮೌಂಟ್ ಮತ್ತು ಬೇರಿಂಗ್, ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಟೈ ರಾಡ್ ತುದಿ, ಎಂಜಿನ್ ಮೌಂಟ್. ಹಳೇ ಕಾರಿನ ಮುಂಭಾಗ ಸಡಿಲ ಎನಿಸುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಇವುಗಳೇ ಕಾರಣ. ಇನ್ನೊಬ್ಬರಿಗೆ ಸ್ಟೀರಿಂಗ್ ಅತ್ತಿತ್ತ ತಿರುಗಿಸಲು ಹೇಳಿ, ನೀವು ಟವರ್ ನಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಕಟಕಟ ಎನ್ನುವ ತಟ್ಟು ಕೈಗೆ ಸಿಕ್ಕಿದರೆ ಮೌಂಟ್ ಬೇರಿಂಗ್ ಹೋಗಿದೆ. ಇದಕ್ಕೆ ಸರಳು ಹಾಕಿದರೆ ಆ ಸದ್ದು ನಿಲ್ಲುವುದಿಲ್ಲ.

ಅಲುಗಾಟ ಅಳೆಯುವ ಸುಲಭ ದಾರಿ

ಟವರ್‌ಗಳು ನಿಜಕ್ಕೂ ಅಲುಗುತ್ತಿವೆಯೇ ಎಂದು ಊಹಿಸಬೇಕಿಲ್ಲ, ಅಳೆಯಬಹುದು. ಒಂದರೊಳಗೊಂದು ಸಡಿಲವಿಲ್ಲದೆ ಜಾರುವ ಎರಡು ಅಲ್ಯೂಮಿನಿಯಂ ಕೊಳವೆ ತಗೊಳ್ಳಿ. ಹೊರಗಿನ ಕೊಳವೆಯ ತುದಿಯನ್ನು ಒಂದು ಟವರ್‌ಗೆ, ಒಳಗಿನದನ್ನು ಇನ್ನೊಂದಕ್ಕೆ, ಸಣ್ಣ ಪಟ್ಟಿ ಮತ್ತು ಒಂದೊಂದು ಬೋಲ್ಟಿನಿಂದ ಕೂರಿಸಿ. ಒಳಗಿನ ಕೊಳವೆಯ ಮೇಲೆ ಬಿಗಿಯಾದ ರಬ್ಬರ್ ಓ-ರಿಂಗ್ ಏರಿಸಿ, ಹೊರಗಿನ ಕೊಳವೆಯ ಬಾಯಿಗೆ ತಾಗುವಂತೆ ತಳ್ಳಿಡಿ. ಟವರ್‌ಗಳು ಹತ್ತಿರ ಬಂದರೆ ಹೊರಗಿನ ಕೊಳವೆ ರಿಂಗನ್ನು ತಳ್ಳುತ್ತದೆ. ಟವರ್‌ಗಳು ಮತ್ತೆ ದೂರ ಹೋದಾಗ ರಿಂಗ್ ಅಲ್ಲೇ ಉಳಿಯುತ್ತದೆ. ದಿನಾ ಓಡಾಡುವ ಹಂಪ್, ಗುಂಡಿ, ತಿರುವುಗಳ ಮೇಲೆ ಒಂದು ಸುತ್ತು ಹೋಗಿ ಬಂದು, ರಿಂಗ್ ಮತ್ತು ಕೊಳವೆಯ ಬಾಯಿಯ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದಲೋ ವರ್ನಿಯರ್‌ನಿಂದಲೋ ಅಳೆಯಿರಿ. ಕೊಳವೆ ಬ್ಯಾಟರಿ ಟರ್ಮಿನಲ್‌ಗೆ ತಾಗದಂತೆ, ಕಳಚಿ ಫ್ಯಾನಿಗೆ ಬೀಳದಂತೆ ಕಟ್ಟಿರಬೇಕು.

ಇದೇ ಸುತ್ತನ್ನು ಸ್ಟ್ರಟ್ ಬಾರ್ ಹಾಕಿದ ಮೇಲೂ ಮಾಡಿ. ಇದಕ್ಕಾಗಿ ಅಳತೆಯ ಕೊಳವೆಗೆ ಬಾರ್ ಪಕ್ಕದಲ್ಲೇ ಜಾಗ ಹುಡುಕಬೇಕಾಗುತ್ತದೆ. ‘ಸ್ಟೀರಿಂಗ್ ಈಗ ಚುರುಕಾಯ್ತು’ ಎನ್ನುವುದು ಹೊಸ ವಸ್ತು ಹಾಕಿದ ಉತ್ಸಾಹವೂ ಇರಬಹುದು. ರಿಂಗ್ ಹಾಗಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಸಮತಟ್ಟಾದ ನೆಲದಲ್ಲಿ ಮುಂದಿನ ಒಂದು ಮೂಲೆಯನ್ನು ಜ್ಯಾಕ್‌ನಿಂದ ಎತ್ತಿ, ಆ ಬದಿಯ ಬಾಗಿಲು ತೆಗೆದು ಹಾಕಿ ನೋಡಿ. ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿದರೆ ಇಡೀ ದೇಹವೇ ತಿರುಚಿಕೊಳ್ಳುತ್ತಿದೆ, ದೋಷ ಬಾಗಿಲ ಕೆಳಗಿನ ಸಿಲ್ ತಗಡಿನಲ್ಲಿರಬಹುದು. ದೇಹದ ಒಟ್ಟು ತಿರುಚುವಿಕೆಗೆ ಸ್ಟ್ರಟ್ ಬಾರ್‌ನಿಂದ ಸಿಗುವ ಸಹಾಯ ಬಹಳ ಕಡಿಮೆ.

ನೇರ ಸರಳಿನ ಲೆಕ್ಕ

ಈಗ ಸರಳಿಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಯಾಕೆಂದರೆ ಕಣ್ಣಿಗೆ ಗಟ್ಟಿಯಾಗಿ ಕಾಣುವುದೆಲ್ಲ ಗಟ್ಟಿಯಲ್ಲ.

900 ಮಿ.ಮೀ. ಉದ್ದದ, 25 ಮಿ.ಮೀ. ಹೊರ ವ್ಯಾಸದ, 2 ಮಿ.ಮೀ. ದಪ್ಪದ ಉಕ್ಕಿನ ಕೊಳವೆ ತೆಗೆದುಕೊಳ್ಳಿ. ಪೂರ್ತಿ ನೇರವಾಗಿದ್ದು, ತುದಿಯಿಂದ ತುದಿಗೆ ನೂರು ಕೆ.ಜಿ. ತೂಕದಷ್ಟು ಬಲ ಬಿದ್ದರೆ ಅದು ಕುಗ್ಗುವುದು ಸುಮಾರು 0.03 ಮಿ.ಮೀ. ಇಲ್ಲವೆಂದೇ ಹೇಳಬಹುದು. ಈಗ ಅದೇ ಕೊಳವೆಯನ್ನು ಏರ್ ಫಿಲ್ಟರ್ ತಪ್ಪಿಸಲೆಂದು ಎರಡೂ ತುದಿಯಲ್ಲಿ ಬಗ್ಗಿಸಿ, ನಡುಭಾಗ 60 ಮಿ.ಮೀ. ಮೇಲೆ ಹಾಯುವಂತೆ ಮಾಡಿ. ತುದಿಗಳು ಪಿನ್ ಮೇಲೆ ತಿರುಗುವಂತಿದ್ದರೆ, ಅಷ್ಟೇ ಬಲಕ್ಕೆ ತುದಿಗಳು ಹತ್ತಿರ ಬರುವುದು ಸುಮಾರು 1.5 ಮಿ.ಮೀ. ಕೊಳವೆ ಅದೇ, ಉಕ್ಕು ಅದೇ, ಗಡಸುತನ ಮಾತ್ರ ಐವತ್ತು ಪಟ್ಟು ಕಮ್ಮಿ. ನೇರ ಸರಳು ಬಲವನ್ನು ಉದ್ದಕ್ಕೆ ಹೊರುತ್ತದೆ. ಬಾಗಿದ ಸರಳು ಅದೇ ಬಲಕ್ಕೆ ಬಿಲ್ಲಿನ ಹಾಗೆ ಬಗ್ಗುತ್ತದೆ.

ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಎಂಜಿನ್ ನೆತ್ತಿಯ ಮೇಲೆ ದೊಡ್ಡ ಏರ್ ಫಿಲ್ಟರ್ ಡಬ್ಬ ಕೂರುವುದರಿಂದ ನೇರ ದಾರಿ ಸಿಗುವುದು ಕಷ್ಟ. ಆದರೂ ಹುಡುಕಬೇಕು. ಟವರ್ ಮೇಲಿನ ಪ್ಲೇಟನ್ನು ಹಿಂದಕ್ಕೆ ಚಾಚಿ, ಸರಳನ್ನು ಫೈರ್‌ವಾಲ್ ಪಕ್ಕದಲ್ಲಿ ನೇರವಾಗಿ ಹಾಯಿಸಲಾದೀತೇ ನೋಡಿ. ಬಗ್ಗಿಸಲೇಬೇಕಾದರೆ ಆದಷ್ಟು ಕಡಿಮೆ ಬಗ್ಗಿಸಿ. 60ರ ಬದಲು 30 ಮಿ.ಮೀ. ಬಾಗಿದರೆ ಅಲುಗಾಟ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ.

ಬಾಗು ತಪ್ಪಿಸಲು ಸಾಧ್ಯವೇ ಇಲ್ಲವೆಂದಾಗ ಗಡಸು ಹೆಚ್ಚಿಸುವುದು ವ್ಯಾಸ, ತುಂಬಿದ ಕಬ್ಬಿಣವಲ್ಲ. ಮೇಲಿನ 60 ಮಿ.ಮೀ. ಬಾಗಿಗೇ 25 ಮಿ.ಮೀ. ಘನ ಸರಳು ಹಾಕಿದರೆ ಅಲುಗಾಟ 1.5ರಿಂದ ಸುಮಾರು 0.75 ಮಿ.ಮೀ.ಗೆ ಇಳಿಯುತ್ತದೆ, ತೂಕ ಮೀಟರಿಗೆ 3.85 ಕೆ.ಜಿ. ಅದರ ಬದಲು 38 ಮಿ.ಮೀ. ವ್ಯಾಸದ, 2 ಮಿ.ಮೀ. ದಪ್ಪದ ಕೊಳವೆ ಹಾಕಿದರೆ ಅಲುಗಾಟ 0.4 ಮಿ.ಮೀ., ತೂಕ ಮೀಟರಿಗೆ 1.8 ಕೆ.ಜಿ.ಗಿಂತಲೂ ಕಡಿಮೆ. ಅರ್ಧಕ್ಕಿಂತ ಕಡಿಮೆ ತೂಕ, ಸುಮಾರು ಎರಡು ಪಟ್ಟು ಗಡಸು. ಅಲ್ಯೂಮಿನಿಯಂ ಸರಳು ನೋಡಲು ಚೆಂದ, ಹಗುರವೂ ಹೌದು. ಆದರೆ ಅದೇ ಅಳತೆಯ ಉಕ್ಕಿಗೆ ಹೋಲಿಸಿದರೆ ಅದರ ಗಡಸು ಮೂರನೇ ಒಂದು ಭಾಗ. ನೇರ ಸರಳಿಗಾದರೆ ಅದು ನಡೆಯುತ್ತದೆ, ಬಾಗಿದ ಸರಳಿಗೆ ನಾನು ಬೇಡವೆನ್ನುತ್ತೇನೆ.

ನೀರಿನ ಪೈಪಿಗೆ ಬಳಸುವ ಜಿ.ಐ. ಕೊಳವೆ ತರಬೇಡಿ. ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಉಸಿರಿಗೆ ಕೆಟ್ಟದ್ದು, ಬೆಸುಗೆಯೂ ಸರಿಯಾಗಿ ಕೂರುವುದಿಲ್ಲ. ಲೇಪನವಿಲ್ಲದ ಕರಿ ಕೊಳವೆಯೇ ಸರಿ. ಬೆಂಗಳೂರಿನಲ್ಲಾದರೆ ಪೀಣ್ಯದ ಕಡೆಯ ಲೇತ್ ಅಂಗಡಿಗಳಲ್ಲಿ ಕೊಳವೆ, ಪ್ಲೇಟು, ಕೊರೆತ ಎಲ್ಲ ಒಂದೇ ಕಡೆ ಆಗುತ್ತದೆ. ತಯಾರಾದ ಬಾರ್ ನೋಡಬೇಕೆಂದರೆ ಜೆ.ಸಿ. ರಸ್ತೆ ಇದ್ದೇ ಇದೆ.

ಸೋಲುವುದು ಕೀಲಿನಲ್ಲಿ

ಅಂಗಡಿ ಬಾರ್‌ಗಳಲ್ಲಿ ನನಗೆ ತಕರಾರಿರುವುದು ಕೊಳವೆಯ ಬಗ್ಗೆ ಅಲ್ಲ, ತುದಿಗಳ ಬಗ್ಗೆ. ಒಂದೇ ಬಾರ್ ಹಲವು ಕಾರಿಗೆ ಹೊಂದಲಿ ಎಂದು ತುದಿಯಲ್ಲಿ ಒಂದು ಬೋಲ್ಟಿನ ಕೀಲು ಇಟ್ಟಿರುತ್ತಾರೆ. ಕೀಲು ಇರುವುದೇ ತಪ್ಪಲ್ಲ. ಸರಳು ನೇರವಾಗಿದ್ದರೆ ಬಲವೆಲ್ಲ ಉದ್ದಕ್ಕೇ ಹೋಗುತ್ತದೆ, ಕೀಲು ತಿರುಗಿದರೂ ನಷ್ಟವಿಲ್ಲ. ತೊಂದರೆ ಇರುವುದು ತೂತಿನಲ್ಲಿ. 10 ಮಿ.ಮೀ. ಬೋಲ್ಟಿಗೆ ಹತ್ತೂವರೆ ಮಿ.ಮೀ. ತೂತು ಕೊರೆದರೆ ಪ್ರತಿ ತುದಿಯಲ್ಲೂ ಅರ್ಧ ಮಿ.ಮೀ. ಆಟ ಉಳಿಯಿತು. ನಾವು ತಡೆಯಲು ಹೊರಟ ಅಲುಗಾಟವೇ ಅಷ್ಟಿರಬಹುದು. ಬೋಲ್ಟನ್ನು ಚೆನ್ನಾಗಿ ಬಿಗಿದರೆ ಘರ್ಷಣೆ ಅದನ್ನು ಹಿಡಿದಿಡುತ್ತದೆ ನಿಜ, ಆದರೆ ಪೌಡರ್ ಕೋಟಿಂಗ್ ಬಣ್ಣದ ಮೇಲೆ ಬಿಗಿದ ಬೋಲ್ಟು ಬಣ್ಣ ಅದುಮಿದಂತೆಲ್ಲ ಸಡಿಲವಾಗುತ್ತದೆ.

ಆದ್ದರಿಂದ ಕೀಲಿನ ಎರಡು ಮುಖಗಳ ಬಣ್ಣ ಕೆರೆದು ಲೋಹಕ್ಕೆ ಲೋಹ ಕೂರುವಂತೆ ಮಾಡಿ. ಲೇತ್‌ನವರಿಗೆ ಹೇಳಿ ತೂತನ್ನು ಬೋಲ್ಟಿನ ಅಳತೆಗೇ ರೀಮರ್ ಹಾಕಿಸಿ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಬಲದ ದರ್ಜೆ ಅಚ್ಚಾಗಿರಬೇಕು, ಅಚ್ಚಿಲ್ಲದ ಬೋಲ್ಟು ಬೇಡ. ಕೊಳವೆ ತುದಿಯ ಕಣ್ಣು ಪ್ಲೇಟಿನಿಂದ ಎದ್ದು ನಿಂತ ಒಂದೇ ಕಿವಿಗೆ ಒರಗಿ ನಿಲ್ಲುವುದಕ್ಕಿಂತ ಎರಡು ಕಿವಿಗಳ ನಡುವೆ ಕೂರುವುದು ಎಷ್ಟೋ ಮೇಲು.

ಇನ್ನು ಟವರ್ ಮೇಲಿನ ಪ್ಲೇಟು. ಕೀಲಿನ ಕಣ್ಣು ಪ್ಲೇಟಿನಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೂ ಪ್ಲೇಟು ಬಗ್ಗುತ್ತದೆ. ಕಣ್ಣು ಆದಷ್ಟು ತಗ್ಗಿನಲ್ಲಿರಲಿ. ಪ್ಲೇಟಿನ ಬಾಗುವಿಕೆ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ: 3 ಮಿ.ಮೀ. ಬದಲು 4 ಹಾಕಿದರೆ ಗಡಸು ಎರಡು ಪಟ್ಟಿಗಿಂತ ಜಾಸ್ತಿ, 5 ಹಾಕಿದರೆ ನಾಲ್ಕೂವರೆ ಪಟ್ಟು. ಎಲ್ಲ ನಟ್ಟುಗಳನ್ನೂ ಬಳಸುವ, ನೆತ್ತಿಯನ್ನು ಸುತ್ತುವರಿದ ಪ್ಲೇಟು ಒಂದೇ ಅಂಚು ಹಿಡಿಯುವ ತುಂಡು ಪ್ಲೇಟಿಗಿಂತ ಒಳ್ಳೆಯದು, ಬಲವನ್ನು ತಗಡಿನ ತುಂಬ ಹರಡುತ್ತದೆ.

ಈಗಾಗಲೇ ಬಾರ್ ಹಾಕಿಸಿದ್ದೀರಿ, ಪ್ರಯೋಜನ ಕಾಣುತ್ತಿಲ್ಲ ಎನ್ನುವವರು ಹೊಸದು ಕೊಳ್ಳಬೇಕಾಗಿಲ್ಲ. ಪ್ಲೇಟಿನ ನಿಂತ ಕಿವಿಗೆ ಎರಡೂ ಬದಿಯಿಂದ 4 ಮಿ.ಮೀ. ತಗಡಿನ ತ್ರಿಕೋನ ಒತ್ತುಗಳನ್ನು ವೆಲ್ಡ್ ಮಾಡಿಸಿ. ಮೂಲೆ ಮುಚ್ಚಿ ಪೆಟ್ಟಿಗೆಯಂತಾದರೆ ಕಿವಿ ಅಲುಗುವುದು ನಿಲ್ಲುತ್ತದೆ. ಬಾಗಿದ ಕೊಳವೆಯಾದರೆ ಎಂಜಿನ್ ಬಿಟ್ಟುಕೊಡುವಷ್ಟು ಜಾಗದಲ್ಲಿ ಕೆಳಗೊಂದು ತೆಳು ಕೊಳವೆ ಸಮಾನಾಂತರವಾಗಿ ಹಾಯಿಸಿ, ನಡುನಡುವೆ ತಗಡಿನ ತುಂಡುಗಳಿಂದ ಎರಡನ್ನೂ ಸೇರಿಸಿ. ಕೀಲನ್ನು ಪೂರ್ತಿ ವೆಲ್ಡ್ ಮಾಡಿ ಒಂದೇ ತುಂಡಾಗಿಸುವುದೂ ಉಂಟು. ಬಾಗಿದ ಸರಳಿಗೆ ಅದರಿಂದ ಲಾಭವಿದೆ. ಹಾಗೆ ಮಾಡುವಾಗ ಪ್ಲೇಟುಗಳನ್ನು ಕಾರಿಗೇ ಬಿಗಿದು, ಅಳತೆ ಗುರುತು ಹಾಕಿ, ಬಿಚ್ಚಿ, ಮರದ ಹಲಗೆಯ ಮೇಲೋ ಕಬ್ಬಿಣದ ಮೇಜಿನ ಮೇಲೋ ಅದೇ ಅಳತೆಗೆ ಕಟ್ಟಿಕೊಂಡು ವೆಲ್ಡ್ ಮಾಡಬೇಕು. ಪೆಟ್ರೋಲ್ ಪೈಪು, ಬ್ಯಾಟರಿ, ಬ್ರೇಕ್ ಆಯಿಲ್ ಡಬ್ಬ ಇರುವ ಎಂಜಿನ್ ಮೇಲೆಯೇ ಕಿಡಿ ಹಾರಿಸಲು ಯಾರಿಗೂ ಬಿಡಬೇಡಿ.

ಮೂರನೆಯ ಕಾಲು ಹಾಕುವವರಿಗೆ ಒಂದು ಎಚ್ಚರ. ಫೈರ್‌ವಾಲ್‌ನ ನಡುಭಾಗ ತೆಳು ತಗಡು, ಅಲ್ಲಿ ತೂತು ಕೊರೆದು ಬಿಗಿದರೆ ಅದು ಡಬ್ಬದ ಮುಚ್ಚಳದಂತೆ ಒಳಹೊರಗೆ ಆಡುತ್ತದೆ. ಮೇಲಂಚಿನಲ್ಲಿ ಎರಡು ತಗಡು ಸೇರುವ ಮಡಿಕೆಗೆ ಹತ್ತಿರ, ಒಳಗಿನಿಂದ ಅಗಲ ಪ್ಲೇಟಿನ ಆಸರೆ ಕೊಟ್ಟು ಬಿಗಿಯಬೇಕು. ಕೊರೆಯುವ ಮುನ್ನ ಹಿಂದೆ ಯಾವ ವೈರಿಂಗ್ ಇದೆ ನೋಡಿಕೊಳ್ಳಿ. ಕೊರೆದ ಅಂಚಿಗೆ ಪ್ರೈಮರ್ ಹಚ್ಚದಿದ್ದರೆ ಮುಂದಿನ ತುಕ್ಕು ಅಲ್ಲಿಂದಲೇ ಶುರು.

ಕೂರಿಸುವ ಕೆಲಸ

ಕಾರು ಸಮತಟ್ಟಾದ ನೆಲದ ಮೇಲೆ, ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಜ್ಯಾಕ್ ಮೇಲೆ ಎತ್ತಿದ ಗಾಡಿಗೆ ಬಾರ್ ಹಾಕಬಾರದು. ಒಂದು, ಎತ್ತಿದಾಗ ದೇಹ ಸ್ವಲ್ಪ ತಿರುಚಿಕೊಂಡಿರುತ್ತದೆ, ಆ ತಿರುಚನ್ನೇ ನೀವು ಬಿಗಿದು ಕೂರಿಸಿದಂತಾಗುತ್ತದೆ. ಎರಡು, ಚಕ್ರ ನೇತಾಡುವಾಗ ಟವರ್ ನಟ್ಟು ಬಿಚ್ಚಿದರೆ ಸ್ಟ್ರಟ್ ಕೆಳಗೆ ಜಾರುತ್ತದೆ.

ನಡುವಿನ ದೊಡ್ಡ ನಟ್ಟನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ರಬ್ಬರ್ ಮುಚ್ಚಳದ ಕೆಳಗಿರುವ ಆ ನಟ್ಟು ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುತ್ತದೆ. ಅದು ಬಿಚ್ಚಿಕೊಂಡರೆ ಪ್ರಾಣಕ್ಕೇ ಅಪಾಯ. ನಮಗೆ ಬೇಕಾದದ್ದು ಸುತ್ತಲಿನ ಸಣ್ಣ ನಟ್ಟುಗಳು ಮಾತ್ರ.

ಬಿಚ್ಚುವ ಮುಂಚೆ ಪ್ರತಿ ನಟ್ಟಿನ ಸುತ್ತ ಬಣ್ಣದ ಪೆನ್ನಿನಿಂದ ಗುರುತು ಹಾಕಿ. ಕೆಲವು ಕಾರುಗಳಲ್ಲಿ ತೂತು ಸ್ವಲ್ಪ ಉದ್ದಕ್ಕಿರುತ್ತದೆ, ಸ್ಟ್ರಟ್ ಸರಿದರೆ ಚಕ್ರದ ಕ್ಯಾಂಬರ್, ಅಂದರೆ ಓರೆ, ಬದಲಾಗುತ್ತದೆ. ನಟ್ಟು ಏರುವ ಸ್ಟಡ್‌ಗೆ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ತಂತಿ ಬ್ರಷ್‌ನಿಂದ ಥ್ರೆಡ್ ಉಜ್ಜಿರಿ. ಒಂದು ಬದಿಯ ನಟ್ಟು ಬಿಚ್ಚಿ, ಪ್ಲೇಟು ಕೂರಿಸಿ, ಕೈಯಿಂದ ನಟ್ಟು ಏರಿಸಿದ ಮೇಲೆಯೇ ಇನ್ನೊಂದು ಬದಿಗೆ ಹೋಗಿ. ಈ ನಡುವೆ ಕಾರನ್ನು ಅಲುಗಿಸಬಾರದು, ಒಳಗೆ ಯಾರೂ ಕೂರಬಾರದು.

ಪ್ಲೇಟು ನೆತ್ತಿಯ ಮೇಲೆ ಕುಂಟದೆ ಕೂತಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಹಳೇ ಸೀಲರ್ ಗಂಟು, ಬಣ್ಣದ ಉಂಡೆ ಅಡ್ಡ ಬಂದಿದ್ದರೆ ಕೆರೆದು ತೆಗೆಯಿರಿ. ಹಾಗೇ ಬಿಗಿದರೆ ನೆತ್ತಿಯ ತಗಡೇ ಪ್ಲೇಟಿನ ಆಕಾರಕ್ಕೆ ಬಗ್ಗುತ್ತದೆ. ನಟ್ಟು ಪೂರ್ತಿ ಏರಿದ ಮೇಲೂ ಸ್ಟಡ್‌ನ ಎರಡು ಮೂರು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಪ್ಲೇಟಿನ ದಪ್ಪದಿಂದಾಗಿ ನಟ್ಟಿನ ಒಳಗೇ ಸ್ಟಡ್ ಮುಗಿದುಹೋದರೆ ಆ ಪ್ಲೇಟು ನಿಮ್ಮ ಕಾರಿಗೆ ಬೇಡ. ಹಳೇ ನಟ್ಟನ್ನೇ ಮತ್ತೆ ಹಾಕದೆ ಹೊಸ ಲಾಕ್ ನಟ್ಟು ತನ್ನಿ.

ಆಮೇಲೆ ಸರಳು. ಉದ್ದ ಹೊಂದಿಸುವ ಬಗೆಯದಾದರೆ, ಎರಡೂ ತುದಿಯ ಬೋಲ್ಟು ಬೆರಳಿನಿಂದ ತಳ್ಳಿದರೆ ಒಳಗೆ ಹೋಗಬೇಕು, ಅಷ್ಟಕ್ಕೆ ಹೊಂದಿಸಿ. ಸುತ್ತಿಗೆ, ಲಿವರ್ ಹಾಕಿ ಬೋಲ್ಟು ತೂರಿಸಬೇಡಿ. ಸರಳನ್ನು ತಿರುವಿ ಟವರ್‌ಗಳನ್ನು ಹೊರಕ್ಕೆ ತಳ್ಳಿಟ್ಟರೆ ಒಳ್ಳೆಯದು ಎಂದು ಕೆಲವರು ಹೇಳುವುದುಂಟು. ದಶಕಗಳಿಂದ ದಣಿದ ಬೆಸುಗೆಗೆ ಹಗಲೂ ರಾತ್ರಿ ಇನ್ನೊಂದು ಒತ್ತಡ ಹೇರುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮೊದಲು ಟವರ್ ನಟ್ಟುಗಳನ್ನು, ಆಮೇಲೆ ಕೀಲಿನ ಬೋಲ್ಟನ್ನು, ಕೊನೆಗೆ ಸರಳಿನ ಲಾಕ್ ನಟ್ಟನ್ನು ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಎಷ್ಟು ಟಾರ್ಕ್ ಎನ್ನುವುದು ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. 8 ಮಿ.ಮೀ. ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು. ಉದ್ದ ಹಿಡಿಯ ಸ್ಪ್ಯಾನರಿಗೆ ಮೈಭಾರ ಕೊಟ್ಟು ಬಿಗಿದರೆ ಅಷ್ಟು ಸಣ್ಣ ಸ್ಟಡ್ ತುಂಡಾಗುತ್ತದೆ.

ಬಾನೆಟ್ ಒಮ್ಮೆಗೇ ದಪ್ ಎಂದು ಮುಚ್ಚಬೇಡಿ. ಮಕ್ಕಳು ಆಡುವ ಮೆತ್ತನೆ ಕ್ಲೇಯನ್ನು ಉಂಡೆ ಮಾಡಿ ಸರಳಿನ ಮೇಲೆ ಮೂರು ನಾಲ್ಕು ಕಡೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಒತ್ತಿ. ಎತ್ತಿದಾಗ ಚಪ್ಪಟೆಯಾದ ಉಂಡೆಯ ದಪ್ಪವೇ ಸಿಕ್ಕಿರುವ ಸಂದು. ಅದು 10 ಮಿ.ಮೀ.ಗಿಂತ ಕಡಿಮೆಯಿರಬಾರದು. ಎಂಜಿನ್ ಕಡೆ ಇನ್ನೂ ಜಾಸ್ತಿ, 20ರಿಂದ 25 ಮಿ.ಮೀ. ಬೇಕು. ಕ್ಲಚ್ ಬಿಡುವಾಗ, ಬ್ರೇಕ್ ಹಾಕುವಾಗ ಎಂಜಿನ್ ತನ್ನ ರಬ್ಬರ್ ಮೌಂಟ್ ಮೇಲೆ ಹಿಂದೆ ಮುಂದೆ ತೂಗುತ್ತದೆ. ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ ಸರಳಿನ ಹತ್ತಿರವಿದ್ದರೆ ಅದಕ್ಕೆ ರಬ್ಬರ್ ಟೋಪಿ ಕಡ್ಡಾಯ. ಬ್ಯಾಟರಿಯ ಕ್ಲ್ಯಾಂಪ್ ಸಡಿಲವಾಗಿ, ಗುಂಡಿಗೆ ಬ್ಯಾಟರಿ ಹಾರಿ, ಟರ್ಮಿನಲ್ ಸರಳಿಗೆ ತಾಗಿದರೆ ಶಾರ್ಟ್ ಆಗಿ ಬೆಂಕಿಯೇ ಹೊತ್ತಿಕೊಳ್ಳಬಹುದು.

ಆಮೇಲೆ

ಟವರ್ ನಟ್ಟು ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಿ. ಟಯರ್ ಗಾಳಿ ಸರಿಯಿರಲಿ. ನಿಮಗೆ ಗೊತ್ತಿರುವ ರಸ್ತೆಯಲ್ಲಿ ಎಂದಿನ ವೇಗದಲ್ಲೇ ಹೋಗಿ ನೋಡಿ. ಸ್ಟೀರಿಂಗ್ ತಿರುಗಿಸಿದಾಗ ಮುಂಭಾಗ ತುಸು ಬೇಗ ಮಾತು ಕೇಳಬಹುದು, ಹಂಪ್ ಮೇಲೆ ಡ್ಯಾಶ್‌ಬೋರ್ಡಿನ ಕಿರಿಕಿರಿ ಸದ್ದು ಕಡಿಮೆಯಾಗಬಹುದು. ಮೂರನೆಯ ಕಾಲೂ ಹಾಕಿದ್ದರೆ ಚಾರ್ಮಾಡಿ, ಆಗುಂಬೆ ಘಾಟಿಯಂಥ ತಿರುವುಗಳಲ್ಲಿ ಇದು ಹೆಚ್ಚು ತಿಳಿಯಬಹುದು. ಕುಲುಕಾಟ ಕಡಿಮೆಯಾಗುತ್ತದೆ ಎಂದು ಕಾಯಬೇಡಿ, ಅದು ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಟಯರ್‌ಗಳ ಕೆಲಸ. ಎಸ್ಟೀಮ್‌ನ ಹಿಂಬದಿಯಲ್ಲೂ ಸ್ಟ್ರಟ್ ಇರುವುದರಿಂದ ಡಿಕ್ಕಿಯೊಳಗೆ ಅಂಥದ್ದೇ ಸರಳು ಹಾಕಬಹುದು. ಆದರೆ ಮುಂಭಾಗ ಸರಿಯಾದ ಮೇಲೆ, ಮತ್ತು ಡಿಕ್ಕಿಯ ಮೂಲೆಗಳ ತುಕ್ಕನ್ನು ಇಷ್ಟೇ ಗಮನವಿಟ್ಟು ನೋಡಿದ ಮೇಲೆ.

ಒಂದು ಅನನುಕೂಲವನ್ನು ತಿಳಿದೇ ಹಾಕಿಸಬೇಕು. ಮುಂದಿನ ಒಂದು ಬದಿಗೆ ಜೋರು ಡಿಕ್ಕಿಯಾದರೆ ಸರಳು ಆ ಹೊಡೆತದ ಪಾಲನ್ನು ಇನ್ನೊಂದು ಟವರ್‌ಗೂ ಮುಟ್ಟಿಸುತ್ತದೆ. ಒಂದು ಬದಿಯಲ್ಲಿ ಮುಗಿಯುತ್ತಿದ್ದ ಟಿಂಕರಿಂಗ್ ಎರಡಕ್ಕೂ ಬೇಕಾಗಬಹುದು.

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಆರ್.ಸಿ.ಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ಇರುವ ನಟ್ಟುಗಳಿಗೇ ಬಿಗಿದು, ಬೇಕೆಂದಾಗ ಬಿಚ್ಚಬಹುದಾದ ಸರಳಿಗೂ ತಗಡು ಕತ್ತರಿಸಿ ವೆಲ್ಡ್ ಮಾಡುವ ಬದಲಾವಣೆಗೂ ವ್ಯತ್ಯಾಸವಿದೆ. ನನ್ನ ಸಲಹೆ ಬಿಚ್ಚಬಹುದಾದದ್ದಕ್ಕೇ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ತಪಾಸಣೆ ಇದ್ದೇ ಇರುತ್ತದೆ, ಅನುಮಾನವಿದ್ದರೆ ಆರ್.ಟಿ.ಒ. ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ವಿಮೆ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿಬಿಡಿ. ಕ್ಲೇಮ್ ಸಮಯದಲ್ಲಿ ಸರ್ವೇಯರ್ ಮುಂದೆ ವಿವರಣೆ ಕೊಡುವುದಕ್ಕಿಂತ ಅದು ಸುಲಭ.

ನೂರಿನ್ನೂರು ಕಿ.ಮೀ. ಓಡಿದ ಮೇಲೆ ಎಲ್ಲ ನಟ್ಟುಗಳಿಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ. ಹೊಸ ಪ್ಲೇಟು ಬಣ್ಣದ ಮೇಲೆ ಕೂತು ತುಸು ಇಳಿದಿರುತ್ತದೆ. ಆಮೇಲೆ ಪ್ರತಿ ಸರ್ವಿಸ್‌ನಲ್ಲಿ ನೋಡಿದರೆ ಸಾಕು. ಸ್ಟ್ರಟ್ ಬಿಚ್ಚುವ ಕೆಲಸ ಬಂದಾಗ ಮೆಕ್ಯಾನಿಕ್‌ಗೆ ಮೊದಲೇ ಹೇಳಿ: ಬಾರ್ ಬಿಚ್ಚುವುದು ಗಾಡಿ ಎತ್ತುವ ಮುಂಚೆ, ಮತ್ತೆ ಬಿಗಿಯುವುದು ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ನಿಂತಮೇಲೆ.